ಮೂರೇ ಕೆಲಸದ ಹಾಳೆ ಹಿಡಿದು ವಾರ್ಡ್ ಗೆದ್ದದ್ದು: ನನ್ನ ಅನುಭವ

2021ರ ಏಪ್ರಿಲ್ 27ಕ್ಕೆ ಮಡಿಕೇರಿ ನಗರಸಭೆಗೆ ಮತದಾನ, 30ಕ್ಕೆ ಎಣಿಕೆ. ಕೊರೊನಾ ಎರಡನೇ ಅಲೆ ಏರುತ್ತಿದ್ದ ಹೊತ್ತು. ಸಭೆ, ಮೆರವಣಿಗೆ ಎಲ್ಲಕ್ಕೂ ಕಡಿವಾಣ. ಮನೆಮನೆಗೆ ಒಂದು ಹಾಳೆ ಕೊಟ್ಟು ಬರುವುದೇ ಪ್ರಚಾರ. ನನ್ನ ಹಾಳೆಯಲ್ಲಿ ಮೂರೇ ಕೆಲಸ ಇದ್ದವು, ಪ್ರತಿಯೊಂದರ ಮುಂದೆ ಖರ್ಚು ಎಷ್ಟು, ಹಣ ಯಾವ ಲೆಕ್ಕದಿಂದ ಬರುತ್ತದೆ ಅಂತ ಬರೆದಿದ್ದೆ. "ಮಾರಾಯ, ಎದುರಿನವ ಮೂವತ್ತು ಭರವಸೆ ಕೊಡ್ತಾನೆ, ನಿನ್ನ ಮೂರಕ್ಕೆ ಯಾರು ಓಟು ಹಾಕ್ತಾರೆ?" ಅಂತ ಪಕ್ಷದ ಹಿರಿಯರೊಬ್ಬರು ಪ್ರೆಸ್ಸಿಗೆ ಹೋಗುವ ಮುಂಚೆಯೇ ತಡೆಯಲು ನೋಡಿದರು. ನಮ್ಮ 23 ವಾರ್ಡುಗಳಲ್ಲಿ ಒಂದೊಂದಕ್ಕೆ ಮತದಾರರು ಸಾವಿರದ ಆಚೀಚೆ. ಹತ್ತಿಪ್ಪತ್ತು ಮತದಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕಡೆ ನಾನು ನೂರರ ಸಮೀಪದ ಅಂತರದಲ್ಲಿ ಗೆದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಮೂರು ಕೆಲಸ ಸುಲಭಕ್ಕೆ ಸಿಗಲಿಲ್ಲ. ಮೊದಲು ಅಂಗಡಿಗಳಲ್ಲಿ ಫಾರಂ ಇಟ್ಟೆವು, "ನಿಮ್ಮ ಬೇಡಿಕೆ ಬರೆಯಿರಿ" ಅಂತ. ಪ್ರಿಂಟಿಗೆ ಎರಡು ಸಾವಿರ ಹೋಯಿತು, ತುಂಬಿ ಬಂದದ್ದು ಮೂವತ್ತೋ ನಲವತ್ತೋ. ಅದರಲ್ಲೂ ಹೆಚ್ಚಿನವು "ರಸ್ತೆ, ನೀರು, ಲೈಟು". ವಾಟ್ಸ್ಆ್ಯಪ್ ಗುಂಪು ಮಾಡಿದರೆ ನಾಲ್ಕೈದು ಜನವೇ ದಿನವಿಡೀ ಮಾತಾಡಿದರು. ಉಳಿದವರು ಗುಡ್ ಮಾರ್ನಿಂಗ್ ಕಳಿಸಿ ಸುಮ್ಮನಾದರು.

ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ. ಏನು ಬೇಕು ಅಂತ ಕೇಳುವುದನ್ನು ಬಿಟ್ಟು, "ಹೋದ ಮಳೆಗಾಲ ನಿಮ್ಮಲ್ಲಿ ನೀರು ಎಲ್ಲಿವರೆಗೆ ಬಂತು?" ಅಂತ ಕೇಳತೊಡಗಿದೆ. 2018ರ ಆಗಸ್ಟಿನ ಭೂಕುಸಿತ ಕಂಡ ಊರು ಇದು. ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಜಾರಿ ಮನೆ ಹೋದದ್ದನ್ನು ಯಾರೂ ಮರೆತಿಲ್ಲ. ಈ ಪ್ರಶ್ನೆಗೆ ಜನ ಬಾಯಲ್ಲಿ ಉತ್ತರ ಕೊಡುವುದಿಲ್ಲ, ಕೈಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗುತ್ತಾರೆ. ಒಬ್ಬರು ಅಜ್ಜಿ ಅಡುಗೆಮನೆ ಗೋಡೆ ತೋರಿಸಿದರು. ಕಿಟಕಿಗಿಂತ ಒಂದು ಗೇಣು ಕೆಳಗೆ ಕೆಸರಿನ ಗೆರೆ, ಮೇಲೆ ಸುಣ್ಣ ಹೊಡೆದರೂ ಹೋಗಿರಲಿಲ್ಲ. "ಮಳೆ ಬರೋ ಮುಂಚೆ ಬಂದಿದ್ದೀಯಲ್ಲ ಮಗಾ, ಉಳಿದವರೆಲ್ಲ ಬಿದ್ದ ಮೇಲೆ ಬರ್ತಾರೆ" ಅಂದರು.

ಅವರ ಮನೆಯಿಂದ ಮೇಲಕ್ಕೆ ಚರಂಡಿಯ ಗುಂಟ ಟೇಪು ಹಿಡಿದು ನಡೆದೆ. ಚರಂಡಿ ಸಣ್ಣದೇನಲ್ಲ, ಎರಡಡಿ ಅಗಲ ಇದೆ. ತೊಂದರೆ ಇದ್ದದ್ದು ನಲ್ಲಿ ಪೈಪುಗಳಲ್ಲಿ. ಮುಖ್ಯ ಲೈನಿನಿಂದ ಮನೆಗಳಿಗೆ ಹೋಗುವ ಪೈಪುಗಳು ಚರಂಡಿಯನ್ನು ಅಡ್ಡ ಹಾದಿವೆ, ಅದೂ ತಳದಿಂದ ಅರ್ಧ ಅಡಿ ಎತ್ತರದಲ್ಲಿ. ಹತ್ತು ಹೆಜ್ಜೆಗೊಂದು ಪೈಪು. ಮೊದಲ ಜೋರು ಮಳೆಗೆ ಬಾಟಲಿ, ಚಿಪ್ಸ್ ಕವರು, ಸಿಲ್ವರ್ ಓಕ್ ಎಲೆ ಎಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಮಣ್ಣು ತುಂಬುತ್ತದೆ. ನೀರು ರಸ್ತೆಗೆ ಹತ್ತಿ, ರಸ್ತೆ ದಾಟಿ ಕೆಳಗಿನ ಬರೆಗೆ ಇಳಿಯುತ್ತದೆ. ನೀರು ಕುಡಿದ ಬರೆ ನಿಲ್ಲುವುದಿಲ್ಲ. ತಡೆಗೋಡೆಗೆ ಲಕ್ಷಗಟ್ಟಲೆ ಕೇಳುವ ನಾವು ಈ ಪೈಪನ್ನು ಮೇಲೆತ್ತಿ ಗೋಡೆಗೆ ಕ್ಲ್ಯಾಂಪ್ ಹೊಡೆಯಲು ಮನೆಗೆ ಮುನ್ನೂರು ರೂಪಾಯಿ ಸಾಕು ಅನ್ನುವುದನ್ನು ನೋಡಿಯೇ ಇರಲಿಲ್ಲ.

ಹಾಗೆ ಮೊದಲ ಕೆಲಸ ಸಿಕ್ಕಿತು: ಪೈಪು ಎತ್ತುವುದು, ಮೇ ಮುಗಿಯುವುದರೊಳಗೆ ಹೂಳು ತೆಗೆಸುವುದು, ರಸ್ತೆಯಡಿಯ ಒಂದಡಿಯ ಎರಡು ಮೋರಿಗಳಿಗೆ ಎರಡಡಿಯ ಹ್ಯೂಮ್ ಪೈಪ್ (ಸಿಮೆಂಟಿನ ದೊಡ್ಡ ಕೊಳವೆ) ಹಾಕಿಸುವುದು. ಎರಡನೆಯದು, ಊರಿಗೆ ಕುಡಿಯುವ ನೀರು ಕೊಡುವ ಕೂಟುಹೊಳೆಯಲ್ಲಿ ನೀರು ಕಡಿಮೆಯಾಗುವ ಬೇಸಿಗೆಯಲ್ಲಿ ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಬಿಡುತ್ತಾರೆ ಅನ್ನುವುದನ್ನು ಹಿಂದಿನ ರಾತ್ರಿಯೇ ತಿಳಿಸುವುದು. ಇದಕ್ಕೆ ಖರ್ಚೇ ಇಲ್ಲ. ಮೂರನೆಯದು, ಹೋಂಸ್ಟೇಗಳ ಕಸಕ್ಕೆ ಬೇರೆ ಹೊತ್ತು, ಬೇರೆ ಗಾಡಿ, ಬೇರೆ ಶುಲ್ಕ. ಶನಿವಾರ ಭಾನುವಾರ ಬರುವ ಪ್ರವಾಸಿಗರ ಕಸವನ್ನು ಸೋಮವಾರದ ಒಂದೇ ಆಟೋ ಟಿಪ್ಪರ್ ಹೊರಬೇಕು ಅಂದರೆ ಪೌರಕಾರ್ಮಿಕರಿಗೆ ಅನ್ಯಾಯ.

ಹಾಳೆಯ ಹಿಂಬದಿಯಲ್ಲಿ "ಇವು ನನ್ನ ಕೈಯಲ್ಲಿಲ್ಲ" ಅಂತ ಬರೆದೆ. ರಾಷ್ಟ್ರೀಯ ಹೆದ್ದಾರಿ 275, ಹಕ್ಕುಪತ್ರ, ಚೆಸ್ಕಾಂನ ವಿದ್ಯುತ್ ಕಂಬ, ಒಳಚರಂಡಿ. ಪಕ್ಷದವರಿಗೆ ಸಿಟ್ಟು ಬಂದದ್ದು ಇದಕ್ಕೇ. ಮತ ತಂದದ್ದೂ ಇದೇ ಅಂತ ನನ್ನ ನಂಬಿಕೆ. ಹಾಳೆ ತಿರುಗಿಸಿ ಓದಿದವರು ಮುಂಬದಿಯನ್ನು ನಂಬಿದರು.

ಹಣದ ಬಗ್ಗೆ ಸ್ವಲ್ಪ ವಿವರ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಮೂರನೇ ಕೆಲಸವನ್ನು ನಾನು ಅದರಡಿ ಬರೆದೆ, ರಸ್ತೆ ಹಣಕ್ಕೆ ಕೈಹಾಕಲಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾದ ಶೇ 24.10, ಇತರ ಬಡವರ ಶೇ 7.25, ಅಂಗವಿಕಲರ ಶೇ 5, ಈ ಮೂರು ಲೆಕ್ಕಗಳಲ್ಲಿ ಖರ್ಚಾಗದೆ ಉಳಿದದ್ದು ಎಷ್ಟು ಅಂತ ಮೊದಲು ನಗರಸಭೆಯ ಬಜೆಟ್ ಪ್ರತಿ ನೋಡಿ. ಚುನಾವಣೆಗೆ ನಿಲ್ಲುವವರಲ್ಲಿ ಹೆಚ್ಚಿನವರು ಅದನ್ನು ತೆರೆದೂ ನೋಡುವುದಿಲ್ಲ. ಅಂದಾಜು ಪಟ್ಟಿ ನನಗೆ ಯಾರು ಮಾಡಿಕೊಟ್ಟರು, ಯಾವ ಮನೆಗಳಿಂದ ಹಾಳೆ ಹಂಚಲು ಶುರು ಮಾಡಿದೆ, ಇವೆರಡನ್ನು ಹೇಳುವುದಿಲ್ಲ. ಮುಂದಿನ ಚುನಾವಣೆಗೆ ಬೇಕು. ಹಾಳೆ ಸಾವಿರದಿನ್ನೂರು ಪ್ರತಿಗೆ ಆರೇಳು ಸಾವಿರ ಆಯಿತು, ಫ್ಲೆಕ್ಸ್ ಒಂದೂ ಕಟ್ಟಲಿಲ್ಲ.

ಮತದಾನದ ರಾತ್ರಿಯಿಂದಲೇ ರಾಜ್ಯಕ್ಕೆ ಬೀಗ ಬಿತ್ತು. ಅಧಿಕಾರ ಕೈಗೆ ಬರುವವರೆಗೆ ಕಾದರೆ ಮಳೆಗಾಲ ಕಳೆದೇ ಹೋಗುತ್ತಿತ್ತು. ಪೈಪು ಎತ್ತಿಸಲು ವಾರ್ಡಿನಲ್ಲೇ ಇದ್ದ ಪ್ಲಂಬರ್ ಹುಡುಗನನ್ನು ಹಿಡಿದೆ. ಅರವತ್ತು ಚಿಲ್ಲರೆ ಮನೆ, ಮನೆಗೆ ನೂರೈವತ್ತು ಅವರದ್ದು, ಉಳಿದದ್ದು ನನ್ನದು. ನನ್ನ ಕೈಯಿಂದ ಹತ್ತು ಸಾವಿರದಷ್ಟು ಹೋಯಿತು. ಆ ಜುಲೈಯಲ್ಲಿ ಅಜ್ಜಿಯ ಗೋಡೆಯವರೆಗೆ ನೀರು ಬರಲಿಲ್ಲ. ಮೇಲಿನ ತಿರುವಿನಲ್ಲಿ ಒಮ್ಮೆ ಉಕ್ಕಿತು, ಅಲ್ಲಿ ಮೋರಿ ಇನ್ನೂ ಬದಲಾಗಿರಲಿಲ್ಲ.

ಇದರ ನಡುವೆ ಲಾವಂಚದ ಹುಚ್ಚೂ ಹತ್ತಿತು. ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ ಅಂತ ಒಪ್ಪಿದ ಒಬ್ಬರ ಹಿತ್ತಿಲ ಬರೆಗೆ ಮುನ್ನೂರರಷ್ಟು ಬುಡ ನೆಟ್ಟೆವು, ಒಂದಕ್ಕೆ ನಾಲ್ಕೈದು ರೂಪಾಯಿ. ಮೇ ಕೊನೆಗೆ ನೆಟ್ಟದ್ದು ಬೇರು ಬಿಡುವ ಮುಂಚೆಯೇ ಮಳೆಗೆ ತೊಳೆದುಹೋಯಿತು. ಮಳೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ನೆಟ್ಟದ್ದು ಮುಕ್ಕಾಲು ಪಾಲು ಹಿಡಿಯಿತು. ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಬರೆಯಲ್ಲಿ ಮಾತ್ರ ಯಾವ ಹುಲ್ಲೂ ನಿಲ್ಲದು, ಅಲ್ಲಿ ತಡೆಗೋಡೆಯೇ ಗತಿ. ಇಳಿಜಾರು ಇದ್ದರೆ ಮಾಡಿ ನೋಡಿ, ಬುಡ ಬೇಕಾದರೆ ನಮ್ಮ ಹಿತ್ತಿಲಲ್ಲಿ ಈಗ ಬೇಕಾದಷ್ಟಿದೆ.

ಎರಡನೇ ಕೆಲಸ ಮೊದಲ ಬೇಸಿಗೆಯಿಂದಲೇ ನಡೆಯುತ್ತಿದೆ. ವಾಲ್ವ್ ತಿರುಗಿಸುವ ಅಣ್ಣ ರಾತ್ರಿ ಎಂಟಕ್ಕೆ ನನಗೆ ಫೋನ್ ಮಾಡುತ್ತಾರೆ, ನಾನು ಬೀದಿಗೊಬ್ಬರಿಗೆ ತಿಳಿಸುತ್ತೇನೆ. ಕಸದ ಕೆಲಸ ಅರ್ಧಕ್ಕೆ ನಿಂತಿದೆ. ಗಾಡಿ ಸಿಕ್ಕಿದೆ, ಹೋಂಸ್ಟೇಯವರು ಶುಲ್ಕಕ್ಕೆ ಒಪ್ಪಿಲ್ಲ. ಕೋಣೆ ಲೆಕ್ಕದಲ್ಲಿ ಕೇಳಿದ್ದಕ್ಕೆ ಜಗಳವಾಯಿತು. ಈಗ ಚೀಲದ ಲೆಕ್ಕದಲ್ಲಿ ಕೇಳುತ್ತಿದ್ದೇನೆ, ನಾಲ್ಕು ಮನೆಯವರು ಕೊಡಲು ಶುರು ಮಾಡಿದ್ದಾರೆ.