ಬಾಕಿ ಬಿಡುವುದು ಹೇಗೆ? ದಿನನಿತ್ಯದ ಬದುಕಿನಲ್ಲಿ ಕೃಪೆ

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ತಪ್ಪುಗಳನ್ನು ಕ್ಷಮಿಸು’ ಎಂದು ನಾವು ಹೇಳುವ ಕಡೆ, ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದಕ್ಕೆ ‘ಸಾಲಗಳು’ ಎಂದರ್ಥ. ಯಾರಾದರೂ ನೋಯಿಸಿದಾಗ ಮನಸ್ಸಿನಲ್ಲಿ ಒಂದು ಬಾಕಿ ಬರೆದುಕೊಳ್ಳುತ್ತದೆ. ಚುಚ್ಚುಮಾತಾಡಿ, ಮುಖ ತಿರುಗಿಸಿ, ಮೂರನೆಯವರ ಹತ್ತಿರ ಹೇಳಿಕೊಂಡು ಅದನ್ನು ವಸೂಲು ಮಾಡಬಹುದು. ಇಲ್ಲವೇ ವಜಾ ಮಾಡಬಹುದು. ವಜಾ ಮಾಡಿದರೆ ನಷ್ಟ ನಮ್ಮದೇ; ಅದು ಗೊತ್ತಿದ್ದೂ ಬಿಡುವುದು ಕೃಪೆ. ‘ನನಗೇನೂ ಆಗಿಲ್ಲ’ ಎಂದು ನಟಿಸುವುದು ಬೇರೆ ವಿಷಯ, ಅದರಲ್ಲಿ ಬಾಕಿ ಹಾಗೆಯೇ ಉಳಿದಿರುತ್ತದೆ.

ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯದ (ದೃಷ್ಟಾಂತ ಕಥೆಯ) ಲೆಕ್ಕವನ್ನೊಮ್ಮೆ ಹಾಕಿ ನೋಡಿ. ರಾಜನು ಒಬ್ಬ ಆಳಿನ ದೊಡ್ಡ ಸಾಲವನ್ನು ಬಿಟ್ಟುಕೊಟ್ಟ; ಆ ಆಳೋ ತನಗೆ ಬರಬೇಕಿದ್ದ ಸಣ್ಣ ಸಾಲಕ್ಕೆ ಜೊತೆಯಾಳನ್ನು ಬಿಡಲಿಲ್ಲ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು 6,000 ದಿನಾರಿ. ಆ ಆಳಿಗೆ ಬಿಟ್ಟುಕೊಟ್ಟದ್ದು 10,000 ತಲಾಂತು, ಅವನು ಜೊತೆಯಾಳಿನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ. ಆರು ಲಕ್ಷ ಪಟ್ಟು ವ್ಯತ್ಯಾಸ. ಆದರೆ ಇನ್ನೊಂದನ್ನೂ ಗಮನಿಸಬೇಕು: 100 ದಿನಾರಿ ಎಂದರೆ ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿಮಗಾದ ನೋವು ಚಿಲ್ಲರೆ ಎಂದು ಯೇಸು ಹೇಳಲಿಲ್ಲ.

ಬಿಡಬೇಕೋ, ಮಾತಾಡಬೇಕೋ?

ಮೊದಲು ಇದನ್ನು ತೀರ್ಮಾನಿಸಿ. ತಡವಾಗಿ ಬಂದದ್ದು, ಉತ್ತರ ಬಾರದ ಮೆಸೇಜು, ದಣಿದವರ ಒರಟು ದನಿ, ಇಂಥವನ್ನು ಸುಮ್ಮನೆ ಬಿಡಬಹುದು. ದೋಷವನ್ನು ಲಕ್ಷಿಸದಿರುವುದು ಮನುಷ್ಯನಿಗೆ ಭೂಷಣ ಎನ್ನುತ್ತದೆ ಜ್ಞಾನೋಕ್ತಿ 19:11. ಬಿಟ್ಟಿದ್ದೀರೋ ಇಲ್ಲವೋ ತಿಳಿಯಲು ಒಂದೇ ಪರೀಕ್ಷೆ: ಮುಂದಿನ ಜಗಳದಲ್ಲಿ ‘ಅವತ್ತೂ ಹೀಗೇ ಮಾಡಿದ್ರಿ’ ಎಂದು ಅದನ್ನು ಎತ್ತುವಿರಾ? ಎತ್ತುವ ಹಾಗಿದ್ದರೆ ಅದು ಬಿಟ್ಟದ್ದಲ್ಲ, ಬಡ್ಡಿಗೆ ಇಟ್ಟದ್ದು. 1 ಕೊರಿಂಥ 13:5ರಲ್ಲಿ ಪ್ರೀತಿ ಕೆಡುಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬಲ್ಲಿ ಪೌಲನು ಬಳಸಿದ್ದೂ ಲೆಕ್ಕಪತ್ರದವರ ಪದವೇ.

ಅದೇ ತಪ್ಪು ಮರುಕಳಿಸುತ್ತಿದ್ದರೆ, ಬೇರೆಯವರಿಗೂ ಪೆಟ್ಟಾಗುತ್ತಿದ್ದರೆ, ಅಥವಾ ಆ ವ್ಯಕ್ತಿ ಎದುರಾದಾಗ ನೀವು ದಾರಿ ಬದಲಿಸುತ್ತಿದ್ದರೆ ಮಾತಾಡಲೇಬೇಕು. ಮತ್ತಾಯ 18:15 ಹೇಳುವುದು: ನೀವಿಬ್ಬರೇ ಇರುವಾಗ. ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ಹೋಗುವುದು ಪ್ರಾರ್ಥನಾ ಗುಂಪಿಗೆ, ‘ಆ ಸಹೋದರರಿಗಾಗಿ ಪ್ರಾರ್ಥಿಸಿ’ ಎಂಬ ಹೆಸರಿನಲ್ಲಿ. ಪ್ರಾರ್ಥನಾ ವಿಷಯದ ವೇಷ ಹಾಕಿದ ಚಾಡಿಯಷ್ಟು ಬೇಗ ಸಭೆಯನ್ನು ಒಡೆಯುವುದು ಬೇರೊಂದಿಲ್ಲ.

ಮುಖಾಮುಖಿ ಮಾತಾಡಿ; ಬರಹದಲ್ಲಿ ದನಿ ಕೇಳಿಸುವುದಿಲ್ಲ, ಓದುವವರು ತಮ್ಮ ಭಯದ ದನಿಯಲ್ಲೇ ಓದಿಕೊಳ್ಳುತ್ತಾರೆ. ಒಂದು ಸಲಕ್ಕೆ ಒಂದೇ ಘಟನೆ. ‘ಯಾವಾಗಲೂ’, ‘ಒಂದು ದಿನವೂ’ ಎಂಬ ಮಾತುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ‘ಭಾನುವಾರ ಎಲ್ಲರ ಮುಂದೆ ನೀವು ಹೀಗೆ ಹೇಳಿದಿರಿ, ನನಗೆ ನಾಚಿಕೆಯಾಯಿತು. ನಿಮ್ಮ ಮನಸ್ಸಿನಲ್ಲಿ ಏನಿತ್ತು?’ ಇಷ್ಟು ಸಾಕು. ಆಮೇಲೆ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಳ್ಳಿ. ನಿಮಗೆ ಗೊತ್ತಿಲ್ಲದ ಸಂಗತಿ ಎಷ್ಟೋ ಸಲ ಆಗಲೇ ಹೊರಬರುವುದು. ಫಲವಿಲ್ಲದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಅವರು ಎರಡೂ ಕಡೆ ಕೇಳುವ ಸಾಕ್ಷಿಗಳಾಗಿರಬೇಕು, ನಿಮ್ಮ ವಕೀಲರಲ್ಲ.

‘ಸೂರ್ಯ ಮುಳುಗುವ ಮೊದಲು’ ಎಂಬ ಎಫೆಸ 4:26ನ್ನು ಹಿಡಿದುಕೊಂಡು ಮಧ್ಯರಾತ್ರಿಯವರೆಗೆ ವಾದಿಸುವವರಿದ್ದಾರೆ. ಸಿಟ್ಟನ್ನು ಸಾಕಬೇಡಿ ಎಂಬುದು ಅದರ ತಾತ್ಪರ್ಯ. ‘ಇದರ ಬಗ್ಗೆ ನಾಳೆ ಸಂಜೆ ಕೂತು ಮಾತಾಡೋಣ’ ಎಂದು ಹೊತ್ತು ಗೊತ್ತುಮಾಡಿ ಮಲಗಿದರೂ ಆ ವಚನಕ್ಕೆ ವಿಧೇಯರಾದಂತೆಯೇ.

ಕ್ಷಮೆ ಕೇಳುವಾಗ, ಕೊಡುವಾಗ

ಕೇಳುವಾಗ ಮಾಡಿದ ಕೆಲಸದ ಹೆಸರು ಹೇಳಿ. ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಎಂದರೆ ತಪ್ಪು ಬೇಜಾರಾದವರದ್ದೇ ಆಗಿಬಿಡುತ್ತದೆ. ‘ಆದರೆ’ ಬಂದ ಕೂಡಲೇ ಅದರ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ಹಣ, ವಸ್ತು, ಮಾನ ಯಾವುದು ಹೋಗಿದೆಯೋ ಅದನ್ನು ತಿರುಗಿ ಕೊಡುವ ದಾರಿಯನ್ನೂ ಹೇಳಿ; ಸುಂಕದವನಾದ ಜಕ್ಕಾಯನು ಯೇಸುವಿನ ಮುಂದೆ ಒಪ್ಪಿಕೊಂಡದ್ದು ನಾಲ್ಕರಷ್ಟು. ನಾಲ್ವರ ಮುಂದೆ ಅವಮಾನಿಸಿದ್ದರೆ ಕ್ಷಮೆಯೂ ಆ ನಾಲ್ವರ ಮುಂದೆಯೇ ಆಗಬೇಕು.

ಕೊಡುವಾಗ ‘ಪರವಾಗಿಲ್ಲ ಬಿಡಿ’ ಎನ್ನುವುದು ನಮಗೆ ರೂಢಿ. ಸಣ್ಣದಕ್ಕೆ ಸರಿ. ದೊಡ್ಡ ಗಾಯಕ್ಕೆ ಹಾಗೆಂದರೆ ಅದು ಗಾಯವೇ ಅಲ್ಲ ಎಂದಂತಾಗುತ್ತದೆ, ಎದುರಿನವರಿಗೂ ಬಿಡುಗಡೆ ಸಿಗುವುದಿಲ್ಲ. ‘ನನಗೆ ತುಂಬಾ ನೋವಾಗಿತ್ತು. ನಿಮ್ಮನ್ನು ಕ್ಷಮಿಸಿದ್ದೇನೆ’ ಎಂದು ಎರಡನ್ನೂ ಹೇಳಿ. ವಾರ ಕಳೆದ ಮೇಲೆ ನೆನಪು ಬಂದು ಹೊಟ್ಟೆ ಉರಿದರೆ ಕ್ಷಮೆ ಸುಳ್ಳಾಯಿತು ಎಂದುಕೊಳ್ಳಬೇಡಿ. ಅದೇ ಸಾಲವನ್ನು ಇನ್ನೊಮ್ಮೆ ವಜಾ ಮಾಡಿ. ಕ್ಷಮಿಸಬೇಕೆಂದು ಯೇಸು ಪೇತ್ರನಿಗೆ ಹೇಳಿದ ‘ಏಳೆಪ್ಪತ್ತು ಸಾರಿ’ಯಲ್ಲಿ ಎಷ್ಟೋ ಸಾರಿ ಒಂದೇ ತಪ್ಪಿಗೆ ಖರ್ಚಾಗುತ್ತವೆ.

ಕೃಪೆ ಅಲ್ಲದ್ದು

ಕ್ಷಮೆ ಬೇರೆ, ನಂಬಿಕೆ ಬೇರೆ. ಸಭೆಯ ಹಣ ತಿಂದವರನ್ನು ಕ್ಷಮಿಸಬಹುದು, ಲೆಕ್ಕದ ಪುಸ್ತಕ ಮತ್ತೆ ಅವರ ಕೈಗೆ ಕೊಡಬೇಕಿಲ್ಲ. ಹೊಡೆತ, ಲೈಂಗಿಕ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ ನಡೆದಲ್ಲಿ ಮೊದಲು ಸುರಕ್ಷಿತ ಜಾಗ, ಆಮೇಲೆ ಪೊಲೀಸು. ಅಂಥ ಕಡೆ ‘ನೀವಿಬ್ಬರೇ ಇರುವಾಗ’ ಮಾತಾಡಿ ಎಂದು ನೊಂದವರನ್ನು ಕಳಿಸುವುದು, ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದು ವಚನದ ದುರುಪಯೋಗ. ಎದುರಿನವರು ಒಪ್ಪದೆಯೂ ಇರಬಹುದು. ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಂದೇ ರೋಮಾಪುರ 12:18 ಹೇಳಿದೆ.

ರಾಜಿಯಾದ ಮೇಲಿನ ಮೊದಲ ಭೇಟಿ ಎಲ್ಲರಿಗೂ ಮುಜುಗರದ್ದೇ. ಮೊದಲು ಮಾತಾಡಿಸುವವರು ನೀವಾಗಿ. ಹಳೆಯ ವಿಷಯ ಬೇಡ, ಕ್ಷಮಿಸಿದ್ದನ್ನು ನೆನಪಿಸುವುದೂ ಬೇಡ. ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿ, ಉತ್ತರ ಮುಗಿಯುವವರೆಗೆ ನಿಂತಿರಿ.