ಹಿರಿಯರ ಹಬ್ಬಕ್ಕೆ ಹೆಸರು ಹುಡುಕಿದ್ದು

ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಎಡೆ ಇಡುತ್ತಿದ್ದವರು ಅಪ್ಪ. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮಂಡ್ಯ, ಮೈಸೂರು ಕಡೆಯವರಿಗೆ ಹಿರಿಯರ ಹಬ್ಬದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಭಾದ್ರಪದ ಬಹುಳ ಪೂರ್ತಿ ಪಿತೃಪಕ್ಷ, ಅದರ ಕೊನೆಗೆ ಈ ಅಮಾವಾಸ್ಯೆ. ಕೆಲವು ಮನೆಗಳಲ್ಲಿ ತೀರಿಕೊಂಡವರ ತಿಥಿ ನೋಡಿ ಪಕ್ಷದೊಳಗೆ ಆ ದಿನ ಮಾಡುತ್ತಾರೆ. ಕೆಲವರು ಮಾರ್ನಮಿಗೆ, ಇನ್ನು ಕೆಲವರು ದೀಪಾವಳಿಗೆ ಇಟ್ಟುಕೊಳ್ಳುತ್ತಾರೆ. ನಮ್ಮದು ಅಮಾವಾಸ್ಯೆಯ ದಿನವೇ. ಬೆಳಿಗ್ಗೆ ಹೊಳೆಯಲ್ಲಿ ಎಳ್ಳುನೀರು, ಸಂಜೆ ಮನೆಯಲ್ಲಿ ಎಡೆ.

ಅಡುಗೆ, ಕಳಸ, ಧೂಪ ಇವೆಲ್ಲ ಚಿಕ್ಕಂದಿನಿಂದ ನೋಡಿದ್ದೇ. ಅವು ಕಷ್ಟ ಅನ್ನಿಸಲಿಲ್ಲ. ನನ್ನಿಂದ ಜಾಸ್ತಿ ಕೆಲಸ ಕೇಳಿದ್ದು ಹೆಸರುಗಳು.

ಹೊಳೆ ಅಂದರೆ ನಮಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುತ್ತಾಳೆ, ಅದಕ್ಕೇ ಆ ಹೆಸರು. ಅಮಾವಾಸ್ಯೆಯ ದಿನ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಸಂಗಮದಲ್ಲೂ ಗೋಸಾಯಿ ಘಾಟಿನಲ್ಲೂ ಅಷ್ಟೇ ಜನ. ದಡದ ಉದ್ದಕ್ಕೂ ಪುರೋಹಿತರು ಕೂತಿರುತ್ತಾರೆ. ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ಅವರ ಮುಂದೆ ಕೂರಬೇಕು. ಹೆಗಲ ಮೇಲಿನ ಟವೆಲ್ಲನ್ನು ಬಲಹೆಗಲಿಗೆ ಬದಲಿಸಿಕೊಂಡು ದಕ್ಷಿಣಕ್ಕೆ ಮುಖ ಮಾಡಬೇಕು. ಬೆರಳಿಗೆ ದರ್ಭೆಯ ಪವಿತ್ರ, ಎಲೆಯ ಮೇಲೆ ಅನ್ನ ಮತ್ತು ಕರಿಎಳ್ಳು ಕಲಸಿದ ಪಿಂಡ. ನೀರು ಬಿಡುವುದಕ್ಕೂ ಒಂದು ಕ್ರಮ ಇದೆ. ದೇವರಿಗೆ ಬಿಡುವ ಹಾಗೆ ಬೆರಳ ತುದಿಯಿಂದ ಅಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಜಾರಿಸಬೇಕು. ಅಂಗೈಯಲ್ಲಿ ಉಳಿದ ಎಳ್ಳು ಒಂದೆರಡು ಅಲ್ಲೇ ಅಂಟಿಕೊಳ್ಳುತ್ತದೆ, ಮುಂದಿನ ಹೆಸರಿನ ನೀರಿನ ಜೊತೆ ಅದೂ ಹೋಗುತ್ತದೆ.

ಪುರೋಹಿತರು ಮೊದಲು ಗೋತ್ರ ಕೇಳುತ್ತಾರೆ. ಗೊತ್ತಿಲ್ಲ ಅಂದವರಿಗೆ ಕಾಶ್ಯಪ ಗೋತ್ರ ಅಂತ ಹೇಳಿಸುತ್ತಾರೆ. ಆಮೇಲೆ ಹೆಸರು. ಅಪ್ಪ, ತಾತ, ಮುತ್ತಾತ. ಅವ್ವ, ಅಜ್ಜಿ, ಮುತ್ತಜ್ಜಿ. ಆಮೇಲೆ ಅವ್ವನ ತವರಿನ ಕಡೆ ಮೂರು ತಲೆಮಾರು. ಅಪ್ಪನ ವರ್ಗದವರನ್ನು ವಸುಗಳ ರೂಪದಲ್ಲಿ, ತಾತನ ವರ್ಗವನ್ನು ರುದ್ರರ ರೂಪದಲ್ಲಿ, ಮುತ್ತಾತನ ವರ್ಗವನ್ನು ಆದಿತ್ಯರ ರೂಪದಲ್ಲಿ ನೆನೆಯುತ್ತಾರೆ. ಪಕ್ಕದಲ್ಲಿ ಕೂತವರನ್ನು ಗಮನಿಸಿದರೆ ಗೊತ್ತಾಗುತ್ತದೆ, ಮೂರನೇ ತಲೆಮಾರಿಗೆ ಬರುವಾಗ ಎಷ್ಟೋ ಜನ ತಡವರಿಸುತ್ತಾರೆ. ಹೆಂಗಸರ ಹೆಸರಿಗಂತೂ ಇನ್ನೂ ಮುಂಚೆಯೇ. ಅಪ್ಪನಿಗೆ ಎಲ್ಲ ಹೆಸರೂ ಬಾಯಲ್ಲೇ ಇದ್ದವು, ಎಲ್ಲೂ ಬರೆದಿಡಲಿಲ್ಲ. ನಾನು ಮೊದಲ ಸಲ ಕೂತಾಗ ಪುರೋಹಿತರು ಸಮಾಧಾನದಿಂದಲೇ ಹೇಳಿದರು: "ಹೆಸರು ಬರದಿದ್ದರೆ ಸಂಬಂಧ ಹೇಳಿ ಸಾಕು. ಆದರೆ ಯಾರನ್ನೂ ಬಿಡಬೇಡಿ."

ಆ ಮಾತು ನನ್ನೊಳಗೆ ಉಳಿಯಿತು. ಮುಂದಿನ ಅಮಾವಾಸ್ಯೆಯೊಳಗೆ ಒಂದು ನೋಟ್‌ಬುಕ್ ತುಂಬಿಸಬೇಕು ಅಂತ ಹಟ ಹಿಡಿದೆ.

ಮೊದಲು ಕೈ ಹಾಕಿದ್ದು ಜಮೀನಿನ ಕಾಗದಪತ್ರಕ್ಕೆ. ಹಳೇ ಕ್ರಯಪತ್ರಗಳಲ್ಲಿ "ಬಿನ್" ಅಂತ ಹಾಕಿ ತಂದೆಯ ಹೆಸರು ಬರೆದಿರುತ್ತಾರಲ್ವಾ, ಹಾಗೆ ಒಂದು ಪತ್ರದಿಂದ ಇನ್ನೊಂದಕ್ಕೆ ಹಿಂದೆ ಹೋದರೆ ಗಂಡಸರ ಸಾಲು ಸಿಗುತ್ತದೆ. ಹಳೇ ಲಗ್ನಪತ್ರಿಕೆಗಳೂ ಅಷ್ಟೇ ಉಪಯೋಗ, ಆಹ್ವಾನಿಸುವವರ ಪಟ್ಟಿಯಲ್ಲಿ ದಾಯಾದಿಗಳೆಲ್ಲ ಇರುತ್ತಾರೆ. ಹೊಲದ ಮೂಲೆಯ ಸಮಾಧಿಗಳಲ್ಲಿ ಹೆಸರು ಕೆತ್ತಿದ್ದು ಕಡಿಮೆ, ಆದರೆ ಯಾರದು ಎಲ್ಲಿದೆ ಅಂತ ಊರಿನ ಹಿರಿಯರು ತೋರಿಸುತ್ತಾರೆ. ನಿಮ್ಮ ಊರಿಗೆ ಹೆಳವರು ಬರುತ್ತಿದ್ದರೆ ಅವರನ್ನು ಬಿಡಬೇಡಿ. ಮನೆಮನೆಯ ವಂಶಾವಳಿ ಇಟ್ಟುಕೊಂಡು ಊರೂರು ತಿರುಗಿ ಹೇಳುವುದೇ ಅವರ ಕುಲಕಸುಬು. ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು, ತಾತನ ತಾತ ಯಾವ ಊರಿಂದ ಬಂದು ಇಲ್ಲಿ ನೆಲೆ ನಿಂತ ಅಂತ ಹೇಳುತ್ತಿದ್ದರು. ಅವರಿಗೆ ದವಸ ಕೊಟ್ಟು ಕಳಿಸುತ್ತಿದ್ದುದು ದಾನ ಅಲ್ಲ, ನಮ್ಮ ನೆನಪು ಕಾಪಾಡಿದ್ದಕ್ಕೆ ಸಲ್ಲಬೇಕಾದ ಕೂಲಿ ಅಂತ ಈಗ ನನಗೆ ಅನ್ನಿಸುತ್ತದೆ.

ಹೆಂಗಸರ ಹೆಸರು ಮಾತ್ರ ಕಾಗದದಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ತಾತನ ಅವ್ವನ ಹೆಸರೇನು?"

"ಹೆಸರು ಯಾರು ಕರೀತಿದ್ರು ಮಗ? ಎಲ್ರೂ ದೊಡ್ಡವ್ವ ಅಂತಿದ್ರು."

"ಗಂಡನಾದ್ರೂ ಕರೀತಿರಲಿಲ್ವಾ?"

"ಅಯ್ಯೋ, 'ಇವಳೇ' ಅನ್ನೋರು ಕಣಪ್ಪ."

ಕೊನೆಗೆ ಒಂದು ಗದ್ದೆಯ ಪತ್ರದಲ್ಲಿ ಸಿಕ್ಕಿತು. ಯಾವುದೋ ಕಾರಣಕ್ಕೆ ಆ ಗದ್ದೆಯನ್ನು ಆಕೆಯ ಹೆಸರಿಗೇ ಬರೆಸಿದ್ದರು. "ಕೋಂ" ಅಂತ, ಅಂದರೆ ಹೆಂಡತಿ ಅಂತ ಹಾಕಿ ಮುತ್ತಾತನ ಹೆಸರು, ಅದರ ಮುಂಚೆ ಆಕೆಯದು. ನಮ್ಮೂರ ದೇವತೆಯ ಹೆಸರನ್ನೇ ಇಟ್ಟಿದ್ದರು. ಚಿಕ್ಕಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಹೋಯ್ತು, ಈ ಸಲ ಎಳ್ಳುನೀರು ಬಿಡೋವಾಗ ಗಟ್ಟಿಯಾಗಿ ಕೂಗು" ಅಂದರು.

ಪಿತೃಪಕ್ಷ ಯಾಕೆ ಬಂತು ಅನ್ನುವುದಕ್ಕೆ ಕರ್ಣನ ಕಥೆ ಹೇಳುತ್ತಾರೆ. ಸ್ವರ್ಗಕ್ಕೆ ಹೋದ ಕರ್ಣನಿಗೆ ಊಟದ ಬದಲು ಬರೀ ಚಿನ್ನ ಬಡಿಸಿದರಂತೆ. ಬದುಕಿದ್ದಾಗ ಚಿನ್ನ ದಾನ ಮಾಡಿದ, ಹಿರಿಯರಿಗೆ ಅನ್ನ ಇಡಲಿಲ್ಲ ಅನ್ನುವುದು ಕಾರಣ. ಇಡಲು ಅವನಿಗೆ ತನ್ನ ಹಿರಿಯರು ಯಾರು ಅಂತಲೇ ಗೊತ್ತಿರಲಿಲ್ಲವಲ್ಲ! ಅದಕ್ಕೆ ಒಂದು ಪಕ್ಷದ ಮಟ್ಟಿಗೆ ಭೂಮಿಗೆ ವಾಪಸ್ ಕಳಿಸಿದರು ಅನ್ನುತ್ತಾರೆ. ಕಾಗದಪತ್ರ ಹರಡಿಕೊಂಡು ಕೂತಾಗ ಈ ಕಥೆ ನನಗೆ ತುಂಬಾ ಹತ್ತಿರ ಬಂತು.

ಹುಡುಕುತ್ತಾ ಹೋದಂತೆ ಸಾಲಿನ ಹೊರಗೆ ಉಳಿದವರೂ ಸಿಕ್ಕರು. ಅಪ್ಪನ ಸೋದರತ್ತೆ ಒಬ್ಬರು. ಚಿಕ್ಕ ವಯಸ್ಸಿಗೇ ಗಂಡ ಹೋದ, ಮಕ್ಕಳಿರಲಿಲ್ಲ, ತವರಿಗೆ ಬಂದು ಅಪ್ಪನನ್ನು ಎತ್ತಿ ಆಡಿಸಿದವರು ಅವರೇ. ಗಂಡನ ಮನೆಯವರೂ ಅವರಿಗೆ ಎಡೆ ಇಡುತ್ತಿರಲಿಲ್ಲ. ಈಗ ಅವರಿಗೆ ಬೇರೆ ಎಲೆ ಇದೆ, ಪಕ್ಕದಲ್ಲಿ ವೀಳ್ಯದೆಲೆ, ಅಡಿಕೆ, ಕಡ್ಡಿಪುಡಿ. ಹಾಗೇ ಹೆಸರಿಡುವ ಮುಂಚೆಯೇ ಹೋದ ಕೂಸೊಂದಿತ್ತು, ಅಪ್ಪನ ತಮ್ಮ. ಅದಕ್ಕೆ ಬಾಳೆಹಣ್ಣು, ಹಾಲು. ತರ್ಪಣದ ಕೊನೆಯಲ್ಲಿ, ತಾಯಿ ತಂದೆ ಬಂಧು ಯಾರೂ ಇಲ್ಲದವರಿಗೂ ಈ ನೀರು ಸೇರಲಿ ಅಂತ ಒಂದು ಬೊಗಸೆ ಬಿಡಿಸುತ್ತಾರೆ. ನನಗೆ ಇಡೀ ವಿಧಿಯಲ್ಲಿ ದೊಡ್ಡದು ಅನ್ನಿಸುವುದು ಅದೇ. ಯಾರದೋ ಮನೆಯವರಿಗೂ ಬಿಡುವ ನೀರು ನಮ್ಮ ಸೋದರತ್ತೆಗೆ ಯಾಕೆ ಬೇಡ?

ಇನ್ನು ಮನೆಯ ಕಡೆ. ಹಬ್ಬದ ಹಿಂದಿನ ದಿನಗಳು ಪೂರ್ತಿ ಕಜ್ಜಾಯಕ್ಕೇ ಮೀಸಲು. ಅಕ್ಕಿ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ಹರಡಿ, ಕೈಗೆ ಇನ್ನೂ ತೇವ ಅನ್ನಿಸುವಾಗಲೇ ಹಿಟ್ಟು ಮಾಡಿಸಬೇಕು. ಪೂರ್ತಿ ಒಣಗಿದರೆ ಕಜ್ಜಾಯ ಕಲ್ಲು. ಬೆಲ್ಲದ ಪಾಕ ನೋಡುವುದು ನಮ್ಮಲ್ಲಿ ಅಕ್ಕನ ಕೆಲಸ. ತಟ್ಟೆಯಲ್ಲಿ ನೀರಿಟ್ಟುಕೊಂಡು ಒಂದು ತೊಟ್ಟು ಪಾಕ ಬಿಡುತ್ತಾಳೆ. ಕರಗದೆ, ಬೆರಳಲ್ಲಿ ಉರುಟಿದರೆ ಮೆತ್ತಗಿನ ಗೋಲಿಯಾಗಬೇಕು. ಆಗ ತಕ್ಷಣ ಒಲೆಯಿಂದ ಇಳಿಸಿ ಹಿಟ್ಟು, ಎಳ್ಳು, ಏಲಕ್ಕಿ ಹಾಕಿ ತಿರುವಬೇಕು. ಆ ಹಿಟ್ಟು ಒಂದು ರಾತ್ರಿಯಾದರೂ ಕೂತರೆ ಒಳ್ಳೆಯದು. ಮಾರನೇ ದಿನ ಬಾಳೆಎಲೆಯ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿದು, ಎರಡು ಜಾಲರಿ ಸೌಟಿನ ನಡುವೆ ಒತ್ತಿ ಎಣ್ಣೆ ಇಳಿಸುತ್ತೇವೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಕರಿಯುವಾಗ ವಾಸನೆಗೆ ಮಕ್ಕಳು ಒಲೆಯ ಸುತ್ತಲೇ ಇರುತ್ತಾರೆ, ಆದರೆ ಎಡೆ ಆಗುವವರೆಗೆ ಯಾರೂ ಬಾಯಿಗೆ ಇಡುವಂತಿಲ್ಲ. ಅಡುಗೆಗೆ ಉಪ್ಪು ನೋಡುವುದೂ ಇಲ್ಲ, ಕೈಯಂದಾಜೇ.

ಅಮಾವಾಸ್ಯೆಯ ಸಂಜೆ ನಡುಮನೆಯಲ್ಲಿ ಮಣೆ ಹಾಕಿ ಕಳಸ ಹೂಡುತ್ತೇವೆ. ಹಿತ್ತಾಳೆ ಚೆಂಬಿಗೆ ನೀರು, ಸುತ್ತ ವೀಳ್ಯದೆಲೆ, ಅದರೊಳಗೆ ಹೊಂಬಾಳೆ. ವಿಭೂತಿ, ಹೂವು, ಹಿಂದೆ ಫೋಟೊಗಳು. ಮುಂದೆ ಹೊಸ ಪಂಚೆ, ಟವೆಲ್, ಸೀರೆ, ಕುಪ್ಪಸದ ಬಟ್ಟೆ, ಬಳೆ. ಎಡೆ ಎರಡು ಸಾಲು. ಒಂದರಲ್ಲಿ ಕಜ್ಜಾಯ, ವಡೆ, ಪಾಯಸ, ಒಬ್ಬಟ್ಟು, ಕುಂಬಳಕಾಯಿ ಪಲ್ಯ. ಇನ್ನೊಂದರಲ್ಲಿ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಮೊಟ್ಟೆ. ಹಿರಿಯರಿಗೆ ಮಾಂಸ ಇಡಬಾರದು ಅಂತ ಈಚೆಗೆ ಬುದ್ಧಿ ಹೇಳುವವರು ಜಾಸ್ತಿಯಾಗಿದ್ದಾರೆ. ನಾನು ಒಪ್ಪುವುದಿಲ್ಲ. ಒಂದೊಂದು ಮನೆಗೆ ಒಂದೊಂದು ರೀತಿ ಇದೆ. ಬದುಕಿದ್ದಾಗ ಭಾನುವಾರದ ಸಾರಿಗೆ ಕಾಯುತ್ತಿದ್ದ ತಾತನಿಗೆ ಬರೀ ಪಾಯಸ ಇಟ್ಟು ಕೈ ಮುಗಿದರೆ ಅವರನ್ನು ಕರೆದ ಹಾಗಾಗುತ್ತದಾ? ಮಾಂಸ ಬಿಟ್ಟಿದ್ದ ಅಜ್ಜಿಗೆ ಮೊದಲ ಸಾಲು, ತಾತನಿಗೆ ಎರಡನೆಯದು. ತಾತನ ಪಕ್ಕ ಒಂದು ಲೋಟವೂ ಇರುತ್ತದೆ. 2007ರಲ್ಲಿ ಸಾರಾಯಿ ನಿಂತ ಮೇಲೆ ಅಪ್ಪ ಅದಕ್ಕೆ ಬ್ರಾಂದಿ ಹಾಕುತ್ತಿದ್ದರು, ನಾನೂ ಅದನ್ನೇ ಮುಂದುವರಿಸಿದ್ದೇನೆ.

ದೀಪ ಹಚ್ಚಿ, ಕಾಯಿ ಒಡೆದು, ಕೆಂಡದ ಬಟ್ಟಲಿಗೆ ಸಾಂಬ್ರಾಣಿ ಹಾಕುವುದು ಮನೆಯ ಹಿರಿಯರಿಂದ ಶುರು. ಆಮೇಲೆ ಒಬ್ಬೊಬ್ಬರೇ, ಮಕ್ಕಳೂ ಸೇರಿ. ಈಗ ನಾನು ನೋಟ್‌ಬುಕ್ ಹಿಡಿದು ಒಂದೊಂದೇ ಹೆಸರು ಓದುತ್ತೇನೆ. ಪ್ರತಿ ಹೆಸರಿಗೂ ಒಬ್ಬರು ಧೂಪ ಹಾಕುತ್ತಾರೆ. ಅಕ್ಕನ ಮಗ "ಇವರು ಯಾರು ಮಾವ?" ಅಂತ ಕೇಳುತ್ತಾನೆ, ಧೂಪ ನಿಲ್ಲಿಸಿ ಹೇಳುತ್ತೇನೆ. ಹೀಗಾಗಿ ಮೊದಲಿಗಿಂತ ಹೊತ್ತು ಹಿಡಿಯುತ್ತದೆ, ಸಾರು ಆರುತ್ತದೆ, ಯಾರೂ ಬೇಜಾರು ಮಾಡಿಕೊಂಡಿಲ್ಲ. ಆಮೇಲೆ ದೀಪ ಉರಿಯಲು ಬಿಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಜಗುಲಿಗೆ ಬರುತ್ತೇವೆ. ಹಿರಿಯರು ಉಣ್ಣುವ ಹೊತ್ತು ಅದು. ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟುತ್ತೇವೆ. ಎಲ್ಲದರಲ್ಲೂ ಒಂದೊಂದು ತುತ್ತು ತೆಗೆದು ಬೆಳಿಗ್ಗೆ ಕಾಗೆಗೆ ತಾರಸಿಯ ಮೇಲೆ ಇಡುವುದಕ್ಕೆ ಎತ್ತಿಟ್ಟು, ಆಮೇಲೆ ನಮ್ಮ ಊಟ.

ಬಟ್ಟೆಯ ವಿಷಯ ಒಂದು ಹೇಳಲೇಬೇಕು. ಪಶ್ಚಿಮವಾಹಿನಿಯಲ್ಲಿ ಉಟ್ಟ ಬಟ್ಟೆ, ತಂದ ಬಟ್ಟೆ ಎಲ್ಲ ಹೊಳೆಗೇ ಬಿಟ್ಟು ಬರುತ್ತಾರೆ. ಕಲ್ಲಿಗೆ ಸುತ್ತಿಕೊಂಡ ಸೀರೆ, ಪಂಚೆಗಳ ನಡುವೆಯೇ ಮುಂದಿನವರು ಮುಳುಗಿ ಏಳಬೇಕು. ಎಳ್ಳು, ಅನ್ನ ಮೀನಿಗಾದರೂ ಆಗುತ್ತದೆ. ಪಾಲಿಯೆಸ್ಟರ್ ಸೀರೆ ಯಾರಿಗೆ? ನಾವು ಹೊಳೆಗೆ ಏನೂ ಬಿಡುವುದಿಲ್ಲ. ಎಡೆಗಿಟ್ಟ ಹೊಸ ಬಟ್ಟೆಯಲ್ಲಿ ಪಂಚೆ ನಾನೇ ಉಡುತ್ತೇನೆ, ಸೀರೆ ಚಿಕ್ಕಮ್ಮನಿಗೆ. ಸೋದರತ್ತೆಯ ಹೆಸರಿನ ಸೀರೆಯನ್ನು ಊರಲ್ಲಿ ಒಂಟಿಯಾಗಿರುವ ಒಬ್ಬ ಅಜ್ಜಿಗೆ ಕೊಡುತ್ತೇವೆ. ಮಾರನೇ ದಿನ ಕಳಸ ಕದಲಿಸಿ ಚೆಂಬಿನ ನೀರನ್ನು ತೆಂಗಿನ ಬುಡಕ್ಕೆ ಹಾಕುತ್ತೇನೆ.

2026ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ಅವ್ವನ ತವರಿನ ಕಡೆ ಮುತ್ತಜ್ಜಿಯ ಹೆಸರು ನಮ್ಮ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ. ಆ ಊರಿನ ಸೋದರಮಾವನ ಮನೆಯಲ್ಲಿ ಹಳೇ ಟ್ರಂಕ್ ಒಂದಿದೆಯಂತೆ. ಅಮಾವಾಸ್ಯೆಗೂ ಮುಂಚೆ ಹೋಗಿ ತೆಗೆಸಿ ನೋಡಬೇಕು.