ದಿನಕ್ಕೆ ಮೂರೇ ತಾಸು ಇಂಟರ್ನೆಟ್: ರೊಂಡೋನಿಯಾ ಕಾಡಿನ ಅನುಭವ

ಬ್ರೆಜಿಲ್‌ನ ಅಮೆಜಾನ್ ಭಾಗದ ರೊಂಡೋನಿಯಾ ರಾಜ್ಯದಲ್ಲಿ ಮೂಲನಿವಾಸಿಗಳ ಹಳ್ಳಿಗೆ ಉಪಗ್ರಹ ಇಂಟರ್ನೆಟ್ ಹಾಕುವಾಗ, ಹಗಲುರಾತ್ರಿ ಓಡದಿದ್ದರೆ ಮರ ಕಡಿಯುವವರಿಂದ ಕಾಡು ಕಾಯಲು ಆಗದು ಎಂದವರೇ ಹೆಚ್ಚು. ನಾವು ಬೆಳಗ್ಗೆ ಒಂದೂವರೆ, ಸಂಜೆ ಒಂದೂವರೆ ತಾಸು ಮಾತ್ರ ಓಡಿಸಿದೆವು. ಎರಡು ಮಳೆಗಾಲ ದಾಟಿದೆ, ಈಗಿನ ಬ್ಯಾಟರಿ ಒಮ್ಮೆಯೂ ಕೈಕೊಟ್ಟಿಲ್ಲ.

ಡಿಶ್, ರೂಟರ್ ಸೇರಿ ಸುಮಾರು 75 ವ್ಯಾಟ್. ಇಡೀ ದಿನಕ್ಕೆ 1,800 ವ್ಯಾಟ್-ಅವರ್ ಬೇಕು. ಮೋಡ ಕವಿದಾಗ ನಮ್ಮ 300 ವ್ಯಾಟ್ ಪ್ಯಾನೆಲ್‌ಗಳಿಂದ ಅದರ ಅರ್ಧವೂ ಹುಟ್ಟುವುದಿಲ್ಲ. ಮೂರು ತಾಸಿಗಾದರೆ 225 ಸಾಕು. ಮೊದಲು ಹಾಕಿದ್ದ ಲೆಡ್ ಆಸಿಡ್ ಬ್ಯಾಟರಿಗಳು ಪೂರ್ತಿ ಚಾರ್ಜ್ ಕಾಣದೆ, ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳು ಕಟ್ಟಿ ಏಳೆಂಟು ತಿಂಗಳಲ್ಲೇ ಸತ್ತವು. 1,600 ರಿಯಲ್ (ಬ್ರೆಜಿಲ್‌ನ ಹಣ) ಹೊಳೆಗೆ ಸುರಿದಂತಾಯಿತು. ಈಗಿರುವುದು 12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದೇ. ಸುಮ್ಮನೆ ಕೂತೇ ಕರೆಂಟು ತಿನ್ನುತ್ತಿದ್ದ ಇನ್ವರ್ಟರ್ ಕಿತ್ತು, ಬ್ಯಾಟರಿಯ ವೋಲ್ಟೇಜನ್ನು ನೇರವಾಗಿ ಏರಿಸಿಕೊಡುವ ಡಿಸಿ ಬೂಸ್ಟರ್ ಹಾಕಿದೆವು.

ಸೂರಿನ ಮೇಲಿಟ್ಟ ಡಿಶ್‌ಗೆ ಮರದ ತುದಿಗಳು ಅಡ್ಡ ಬಂದು ಲೈನ್ ಪದೇ ಪದೇ ಕಡಿಯುತ್ತಿತ್ತು. ಹೊಳೆಯಂಚಿನ ಬಯಲಿಗೆ, ನೆರೆ ಏರುವ ಗುರುತಿಗಿಂತ ಮೇಲಕ್ಕೆ ಒಯ್ದ ಮೇಲೆ ಸರಿಹೋಯಿತು. ರೂಟರ್ ಡಬ್ಬಿಗೆ ಇರುವೆ ಗೂಡು ಕಟ್ಟದಂತೆ ಕೇಬಲ್ ತೂತಿಗೆ ಏನು ಮೆತ್ತುತ್ತೇವೆ ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಬೆಳಗಿನ ಸರದಿಯಲ್ಲಿ, ಉಪಗ್ರಹ ಚಿತ್ರಗಳಿಂದ ಸಿಗುವ ಮರ ಕಡಿದ ಅಲರ್ಟ್‌ಗಳನ್ನೂ ನಕ್ಷೆಯನ್ನೂ ಫೋನಿಗೆ ಇಳಿಸಿಕೊಳ್ಳುತ್ತೇವೆ. ಮಳೆಗಾಲದಲ್ಲಿ, ಬೆಳಕಿನಲ್ಲಿ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಉಪಗ್ರಹಕ್ಕೆ ಕಾಣುವುದು ಬರೀ ಮೋಡ. ಆಗ ಮೋಡದಾಚೆಗೂ ನೋಡಬಲ್ಲ ಸೆಂಟಿನೆಲ್-1 ಉಪಗ್ರಹದ ರಾಡಾರ್ ಅಲರ್ಟ್‌ಗಳೇ ಗತಿ. ಗಸ್ತಿನವರಿಗೆ ಕಾಡೊಳಗೆ ನೆಟ್ ಬೇಕಿಲ್ಲ, ಜಿಪಿಎಸ್ ಸಾಕು. ಸಂಜೆ ಫೋಟೋ ಕಳಿಸುವಾಗಲೇ ಎಲ್ಲರೂ ಎಡವುವುದು. ವಾಟ್ಸಾಪ್‌ನಲ್ಲಿ ಮಾಮೂಲಿಯಂತೆ ಕಳಿಸಿದ ಫೋಟೋದಿಂದ ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ನಮ್ಮ ಮೊದಲ ದೂರು ಬಿದ್ದುಹೋದದ್ದು ಇದರಿಂದಲೇ. ಅಕ್ಷಾಂಶವನ್ನು ಕೈಯಿಂದ ಬರೆಯುವಾಗ, ಸಮಭಾಜಕದ ದಕ್ಷಿಣ ಎಂದು ತೋರಿಸುವ ಮೈನಸ್ ಬಿಟ್ಟರೆ –10.5 ಇದ್ದದ್ದು 10.5 ಆಗಿ, ಕಡಿದ ಜಾಗ ವೆನೆಜುವೆಲಾಕ್ಕೆ ಹೋಗಿ ಕೂರುತ್ತದೆ.

ನಡುವೆ, ಗರಗಸದ ಸದ್ದು ಹಿಡಿಯಲು ಹಳೆಯ ಫೋನೊಂದನ್ನು ಮರಕ್ಕೆ ಕಟ್ಟಿ ನೋಡಿದೆವು. ಜೀರುಂಡೆಗಳ ಗದ್ದಲಕ್ಕೇ ಅದು ಬಡಿದುಕೊಳ್ಳುತ್ತಿತ್ತು, ಕೈಬಿಟ್ಟೆವು.

ಇಂಟರ್ನೆಟ್‌ನ ತಿಂಗಳ ಶುಲ್ಕ 200 ರಿಯಲ್ ಆಸುಪಾಸು. ದೂರದ ಒಂದು ಗಸ್ತಿಗೆ ದೋಣಿಯ ಪೆಟ್ರೋಲೇ 60–70 ಲೀಟರ್, ಅಂದರೆ ಖರ್ಚು ಆ ಶುಲ್ಕದ ದುಪ್ಪಟ್ಟಿಗೂ ಮೇಲೆ. ಮುಂಚೆ ಗಡಿಯುದ್ದಕ್ಕೂ ಸುತ್ತಿ ತಿಂಗಳಿಗೆ ನಾಲ್ಕು ಸಲ ಹೋಗುತ್ತಿದ್ದರು. ಈಗ ಅಲರ್ಟ್ ಬಿದ್ದ ಕಡೆಗೇ ಎರಡು ಸಲ ಹೋಗುತ್ತಾರೆ.